ಗ್ಯಾಸ್ ಗೀಸರ್ ಇದ್ದರೆ ಮೀಯುವ ಮೊದಲು ಇಷ್ಟು ಮಾಡಿ

ಆಟಿ ತಿಂಗಳ ಮಳೆ ಒಳಗೆ ಇರಚುತ್ತದೆಂದು ನನ್ನ ತಂಗಿ ಬಚ್ಚಲುಮನೆಯ ವೆಂಟಿಲೇಟರಿಗೆ ಥರ್ಮಾಕೋಲ್ ತುಂಡು ಸಿಕ್ಕಿಸಿದ್ದಳು. ಮಣಿಪಾಲದ ಆ ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇತ್ತು. ಒಂದು ಬೆಳಿಗ್ಗೆ ಮೀಯುತ್ತಿದ್ದಾಗ ತಲೆ ಸಿಡಿದಂತಾಗಿ, ಚಿಲಕ ತೆಗೆದವಳು ಹೊಸ್ತಿಲಲ್ಲೇ ಕುಸಿದಳು. ಚಿಲಕ ತೆಗೆಯುವಷ್ಟು ತ್ರಾಣ ಉಳಿದಿದ್ದರಿಂದ ಬದುಕಿದಳು.

ಅವಳಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಗೊತ್ತಾಗಲೆಂದೇ ಅದಕ್ಕೆ ನಾತ ಬೆರೆಸಿರುತ್ತಾರೆ. ಉರಿಗೆ ಗಾಳಿ ಸಾಲದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಮೈಗೆ ಆಮ್ಲಜನಕ ಸಿಗದಾಗುತ್ತದೆ. ಗೆರಟೆ, ಮಡಲು ಉರಿಸಿ ಹಂಡೆ ಕಾಯಿಸುತ್ತಿದ್ದ ಹಳೆ ಬಚ್ಚಲಿನಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು, ಕಣ್ಣುರಿದರೆ ನಾವೂ ಹೊರಗೆ ಬರುತ್ತಿದ್ದೆವು. ಫ್ಲ್ಯಾಟಿನ ಬಚ್ಚಲಿನಲ್ಲಿ ಆ ಎರಡೂ ಇಲ್ಲ.

ಮೊದಲು ವೆಂಟಿಲೇಟರಿಗೆ ತುರುಕಿದ ಕಾಗದ, ಪ್ಲಾಸ್ಟಿಕ್ ಕಿತ್ತು ತೆಗೆಯಿರಿ. ಸೊಳ್ಳೆ ಬಂದರೆ ಜಾಲರಿ ಹಾಕಿ, ಅದರ ಧೂಳು ಒರೆಸುತ್ತಿರಿ. ಎರಡನೆಯದು, ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿಗೆ ಸಾಗಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಬಿಡದೆ ಕೇಳಿ. ಅದಾಗುವ ತನಕ ಬಾಗಿಲು ತೆರೆದಿಟ್ಟು ಬಾಲ್ದಿ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಆಮೇಲೆ ಮೀಯಿರಿ. ಒಬ್ಬರ ಹಿಂದೆ ಒಬ್ಬರು ಮೀಯುವ ಮನೆಯಲ್ಲಿ ಇದು ಇನ್ನೂ ಮುಖ್ಯ, ಕೊನೆಯವರು ಒಳಹೋಗುವಷ್ಟರಲ್ಲಿ ಒಳಗಿನ ಗಾಳಿ ತೀರಾ ಕೆಟ್ಟಿರುತ್ತದೆ.

ಗೀಸರಿನ ಪುಟ್ಟ ಕಿಂಡಿಯಲ್ಲಿ ಉರಿ ನೋಡಿ. ನೀಲಿಯ ಬದಲು ಹಳದಿಯಾಗಿ ಓಲಾಡುತ್ತಿದ್ದರೆ, ಮೇಲಿನ ಟೈಲ್ಸಿಗೆ ಮಸಿ ಹಿಡಿದಿದ್ದರೆ, ಮೆಕ್ಯಾನಿಕ್ ಬರುವವರೆಗೆ ಹಚ್ಚಬೇಡಿ. ಉರಿ ನೀಲಿಯಿದೆಯೆಂದು ಬಾಗಿಲು ಮುಚ್ಚಿಕೊಳ್ಳಲೂ ಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಆನ್‌ಲೈನಿನಲ್ಲಿ ಸಿಗುತ್ತದೆ. ಅಡುಗೆ ಗ್ಯಾಸ್ ಸೋರಿಕೆಯ ಅಲಾರ್ಮ್ ಬೇರೆ, ಅದು ಇದನ್ನು ಹಿಡಿಯುವುದಿಲ್ಲ.

ಪ್ರವಾಸ ಹೊರಟರೂ ಇದೇ ಎಚ್ಚರ ಬೇಕು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ 8 ಮಂದಿ ಚಳಿಗೆ ಗ್ಯಾಸ್ ಹೀಟರ್ ಹಚ್ಚಿ ಮಲಗಿದವರು ಏಳಲಿಲ್ಲ. ಅವರಲ್ಲಿ ಮಕ್ಕಳೂ ಇದ್ದರು. 2024ರ ಡಿಸೆಂಬರಿನಲ್ಲಿ, ನಮ್ಮೂರಿನ ಮೂಲಕವೇ ಹೋಗುವ ಹೆದ್ದಾರಿ 66ರ ಬದಿ, ಕೇರಳದ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತರು. ಜನರೇಟರಿನ ಹೊಗೆ ಒಳಸೇರಿತ್ತು. ಮಡಿಕೇರಿ, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರಿಸಬೇಡಿ. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೆ ಈ ಅನಿಲ ಕಡಿಮೆಯಾಗುವುದಿಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದು ಗಂಟೆಗಟ್ಟಲೆ ನಿಲ್ಲಬೇಕಾದರೆ ಎಂಜಿನ್, ಎಸಿ ಹಾಕಿಕೊಂಡು ಕಾರಿನಲ್ಲಿ ನಿದ್ದೆ ಮಾಡಬೇಡಿ. ಸೈಲೆನ್ಸರಿಗೆ ಕೆಸರು ಕಟ್ಟಿಲ್ಲವೆಂದು ಇಳಿದು ನೋಡಿ.

ತಲೆನೋವು, ವಾಕರಿಕೆ, ತಲೆಸುತ್ತು ಒಟ್ಟಿಗಿದ್ದ ಇಬ್ಬರು ಮೂವರಿಗೆ ಬಂದು, ಹೊರಗೆ ಬಂದೊಡನೆ ಕಡಿಮೆಯಾದರೆ ಊಟದ ದೋಷವೆಂದು ಸುಮ್ಮನಾಗಬೇಡಿ. ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ, ಅದಕ್ಕೆ ಈ ಅನಿಲ ಹಿಡಿದ ರಕ್ತವೂ ಆಮ್ಲಜನಕದ ರಕ್ತದಂತೆಯೇ ಕಾಣುತ್ತದೆ. ಗೀಸರ್ ಉರಿಯುತ್ತಿತ್ತು, ಕೋಣೆ ಮುಚ್ಚಿತ್ತು ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.