ಮೊದಲು ಕುಂಡ, ಆಮೇಲೆ ತಾಟು: ತುಮಕೂರಿನಿಂದ ಕೊಂಕಣದ ಬಿಸಿನೀರಿಗೆ

ಬಿಸಿನೀರಿನ ಬುಗ್ಗೆ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಪುತ್ತೂರು ತಾಲ್ಲೂಕು ಇರ್ದೆಯ ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದರೇ ಬಿಸಿನೀರು. ಆದರೆ ಅಲ್ಲಿಯ ನೀರು ಮೈಬಿಸಿಯ ಆಸುಪಾಸಿನದು, ಕೈಯಿಟ್ಟರೆ ಉಗುರುಬೆಚ್ಚಗೆ. ಮೈ ನಿಜವಾಗಿ ಕಾಯುವಂಥ ನೀರು, ಅದರ ಬೆನ್ನಿಗೇ ಒಳ್ಳೆಯ ಮೀನೂಟ, ಎರಡೂ ಒಂದೇ ಓಡಾಟದಲ್ಲಿ ಬೇಕು ಅನ್ನುವವರು ರತ್ನಾಗಿರಿ ಜಿಲ್ಲೆಗೆ ಹೋಗಬೇಕು. ರಾಜಾಪುರದ ಪಕ್ಕದ ಉನ್ಹಾಳೆಯಲ್ಲಿ ನೀರು ಸುಮಾರು 42 ಡಿಗ್ರಿ, ಸಂಗಮೇಶ್ವರ ದಾಟಿದ ಮೇಲೆ ಸಿಗುವ ತುರಳದಲ್ಲಿ 60ರ ಮೇಲೆ, ಅದರಾಚೆಯ ಆರವಲಿಯಲ್ಲಿ ಮತ್ತೆ 40ರ ಹತ್ತಿರ. ಹತ್ತಿರದಲ್ಲಿ ಜ್ವಾಲಾಮುಖಿಯೇನೂ ಇಲ್ಲ. ಮಳೆನೀರು ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿದು, ಭೂಮಿಯ ಕಾವಿಗೆ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೇರುತ್ತದೆ, ಅಷ್ಟೆ.

ನಾವು ಮಾಡುವ ಕ್ರಮ ಮೂರು ದಿನ, ರೈಲಿನ ಎರಡೂ ಸೇರಿ ನಾಲ್ಕು ರಾತ್ರಿಯದು. ತುಮಕೂರಿನಿಂದ ಕಾರಿನಲ್ಲೇ ಹೋದರೆ ಒಂದು ದಿಕ್ಕಿಗೆ ಆರುನೂರು ಕಿಲೋಮೀಟರಿಗೂ ಮೇಲೆ. ಡ್ರೈವ್ ಮಾಡಿದವನು ಮಾರನೇ ಬೆಳಿಗ್ಗೆ ಬಿಸಿನೀರಿಗಿಳಿದರೆ ಅಲ್ಲೇ ತೂಕಡಿಸುತ್ತಾನೆ. ಅದಕ್ಕೇ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ರಾತ್ರಿ ತುಮಕೂರಿನಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ಬೆಳಗಾವಿ. ಸಂಜೆಯ ಊಟಕ್ಕೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡರೆ ಚಟ್ನಿ ಬೇಡ, ಚಟ್ನಿಪುಡಿ ಸಾಕು. ಕಾಯಿಚಟ್ನಿ ನಡುರಾತ್ರಿಯ ಹೊತ್ತಿಗೆ ಹುಳಿ ಹಿಡಿದಿರುತ್ತದೆ. ಬೆಳಗಾವಿಯಲ್ಲಿ ಗಾಡಿ ಮಾಡಿಕೊಂಡು ಅಂಬೋಲಿ ಘಾಟಿ ಇಳಿದು ಸಾವಂತವಾಡಿ, ಕುಡಾಳ, ಕಣಕವಲಿ ಮೇಲೆ ರಾಜಾಪುರ. ಮೊದಲ ಮೀನೂಟ ಕುಡಾಳದಲ್ಲಿ, ಸಂಜೆಗೆ ರಾಜಾಪುರದಲ್ಲಿ ರೂಮು.

ಹೆಚ್ಚಿನವರು ತಪ್ಪುವುದು ಎಲ್ಲಿ ಅಂದರೆ, ಕುಂಡವನ್ನು, ಅಂದರೆ ಬಿಸಿನೀರಿನ ಕೊಳವನ್ನು, ಮಧ್ಯದಲ್ಲಿಟ್ಟು ಅದರ ಸುತ್ತ ಊಟ ಹೊಂದಿಸುತ್ತಾರೆ. ಅದು ತಲೆಕೆಳಗು. ನೀರು ಹಗಲೂ ರಾತ್ರಿ ಒಂದೇ ಬಿಸಿಯಲ್ಲಿ ಹರಿಯುತ್ತಲೇ ಇರುತ್ತದೆ. ಮನೆಯವರೇ ನಡೆಸುವ ಖಾನಾವಳಿಯಲ್ಲಿ ಮಾತ್ರ ಮಧ್ಯಾಹ್ನ ಎರಡೂವರೆ ದಾಟಿದರೆ ಅಂದಿನ ಮೀನು ಮುಗಿದಿರುತ್ತದೆ. ಅದಕ್ಕೆ ಊಟದ ಹೊತ್ತು ಮೊದಲು ಗಟ್ಟಿ ಮಾಡಿ, ಸ್ನಾನವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ. ಒಂದು ಗಂಟೆಗೆ ಊಟ ಅಂದರೆ ಬೆಳಗಿನ ಆರಕ್ಕೆ ಕುಂಡ, ಎಂಟಕ್ಕೆ ತಿಂಡಿ, ಒಂಬತ್ತೂವರೆಗೆ ರಸ್ತೆ. ಖಾನಾವಳಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ ಎಷ್ಟು ಜನ, ಮೀನೋ ಕೋಳಿಯೋ, ಸಸ್ಯಾಹಾರಿಗಳು ಎಷ್ಟು ಅಂತ ಹೇಳಿಬಿಡಬೇಕು.

ತಿಂದು ಸ್ನಾನ ಯಾಕೆ ಬೇಡ? ಬಿಸಿನೀರಿನಲ್ಲಿ ರಕ್ತವೆಲ್ಲ ಚರ್ಮದ ಕಡೆ ಹರಿಯುತ್ತದೆ, ಹೊಟ್ಟೆ ತುಂಬಿದ್ದರೆ ಅದಕ್ಕೂ ರಕ್ತ ಬೇಕು, ಎರಡರ ಎಳೆದಾಟದಲ್ಲಿ ವಾಕರಿಕೆ, ತಲೆಸುತ್ತು. ಹಾಗಂತ ಪೂರ್ತಿ ಖಾಲಿ ಹೊಟ್ಟೆಯೂ ಸರಿಯಲ್ಲ. ಒಂದು ಬಾಳೆಹಣ್ಣು ಅಥವಾ ಎರಡು ಚಮಚ ಹುರಿಹಿಟ್ಟು ಬೆಲ್ಲ ಹಾಕಿ ಕಲೆಸಿದ್ದು, ಮೇಲೆ ಅರ್ಧ ಲೀಟರ್ ನೀರು. ಹಿಂದಿನ ರಾತ್ರಿ ಕುಡಿದವರು ಅವತ್ತು ದಡದಲ್ಲೇ ಕೂರಲಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಕುಂಡಕ್ಕಿಳಿಯುವ ಮುಂಚೆ ಕೈ ಅದ್ದಿ ನೋಡುವುದು ಸಾಲದು. ಗೇಯ್ಮೆ ಮಾಡಿ ಗಟ್ಟಿಯಾದ ಅಂಗೈಗೆ 45 ಡಿಗ್ರಿಯೂ ಹಿತವೆನಿಸುತ್ತದೆ. ಮೊಣಕೈ ಅದ್ದಿ ನೋಡಿ, ಇಲ್ಲವೇ ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಒಯ್ಯಿರಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, 42-43ಕ್ಕೇ ಅದರ ಅಳತೆ ಮುಗಿಯುತ್ತದೆ. 40ರಿಂದ 42 ಇದ್ದರೆ ಮೊದಲು ಪಾದ, ಮಂಡಿ, ಸೊಂಟ, ಹೀಗೆ ಎರಡು ನಿಮಿಷ ಹಿಡಿದು ಇಳಿಯುವುದು. ಎದೆಯವರೆಗೆ ಎಂಟು ಹತ್ತು ನಿಮಿಷ. ಹೊರಗೆ ಬಂದು ಐದು ನಿಮಿಷ ಕೂತು ನೀರು ಕುಡಿದು ಇನ್ನೊಂದು ಸಲ. ಎರಡು ಸುತ್ತು ಸಾಕು. ಮೂರನೆಯದು ಆಸೆಗೆ, ಮೈಗಲ್ಲ. ಏಳುವಾಗ ಕುಂಡದ ಅಂಚಿನ ಮೇಲೆ ಅರ್ಧ ನಿಮಿಷ ಕೂತು ಆಮೇಲೆ ನಿಲ್ಲಬೇಕು. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿದಿರುತ್ತದೆ, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದರೆ ಕೆಲಸ ಕೆಟ್ಟಿತು. 43ರ ಮೇಲಿದ್ದರೆ ಇಳಿಯುವುದೇ ಬೇಡ, ತಂಬಿಗೆಯಲ್ಲಿ ತೋಡಿ ಆರಿಸಿ ಮೈಮೇಲೆ ಹುಯ್ದುಕೊಳ್ಳಿ. ತುರಳದಲ್ಲಿ ಬುಗ್ಗೆಯ ಬಾಯಿಗೆ ಕಾಲಿಟ್ಟರೆ ಬೊಬ್ಬೆ ಗ್ಯಾರಂಟಿ. ಹರಿದು ಆರಿದ ನೀರು, ಇಲ್ಲವೇ ತಣ್ಣೀರು ಬೆರೆಸಿದ್ದು ಮಾತ್ರ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಅವರ ಪರವಾಗಿ ಜೊತೆಯಲ್ಲಿದ್ದವರೇ ನೀರು ಅಳೆಯಬೇಕು. ಬಸುರಿಯರು, ಹೃದಯದ ತೊಂದರೆಯಿರುವವರು, ಹಸಿಗಾಯವಿರುವವರು ಇಳಿಯಬಾರದು.

ಇನ್ನೊಂದು, ಮುಳುಗು ಹಾಕಬೇಡಿ. ತೀರ್ಥ ಅಂದ ಮೇಲೆ ಮೂರು ಮುಳುಗು ಅನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಮೆದುಳಿಗೆ ಹತ್ತುವ ಅಮೀಬಾ ಬೆಚ್ಚನೆಯ ಸಿಹಿನೀರಿನಲ್ಲಿ ಬದುಕುತ್ತದೆ, ದೇಹಕ್ಕೆ ಹೊಗುವುದು ಮೂಗಿನಿಂದ. ತಲೆಗೆ ಬೇಕಾದರೆ ತಂಬಿಗೆಯಲ್ಲಿ ಹಿಂದಕ್ಕೆ ಹುಯ್ದುಕೊಳ್ಳಲಿ, ಪುಣ್ಯ ಅಷ್ಟೇ ಬರುತ್ತದೆ. ಸೋಪು, ಶಾಂಪೂ ಕುಂಡದ ಹತ್ತಿರ ತರಲೇಬಾರದು. ಬಟ್ಟೆ ಹಳೆಯದು, ಗಾಢ ಬಣ್ಣದ ಹತ್ತಿಯದು.

ಉನ್ಹಾಳೆಯಲ್ಲೇ ರಾಜಾಪುರದ ಗಂಗೆಯ 14 ಕುಂಡಗಳೂ ಇವೆ. ಆ ಗಂಗೆ ಕೆಲವು ವರ್ಷಕ್ಕೊಮ್ಮೆ ತಾನಾಗಿ ಉಕ್ಕಿ, ಸ್ವಲ್ಪ ಕಾಲ ಹರಿದು, ಬತ್ತುತ್ತದೆ. ಗಂಗೆ ಬಂದಿದೆ ಅಂತ ಸುದ್ದಿಯಿದ್ದರೆ ಬಿಸಿನೀರಿನ ಕುಂಡದಲ್ಲೂ ಕಾಲಿಡಲು ಜಾಗವಿರುವುದಿಲ್ಲ, ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಸ್ನಾನವಾದ ಮೇಲೆ ಮುಕ್ಕಾಲು ಗಂಟೆ ಬಿಟ್ಟು ತಿಂಡಿ. ಘಾವಣ ಅಂದರೆ ನೀರುದೋಸೆಯ ದಾಯಾದಿ. ಆಂಬೋಳಿ ತುಸು ದಪ್ಪ, ಹುದುಗು ಬಂದದ್ದು, ಜೊತೆಗೆ ಕಪ್ಪು ಬಟಾಣಿಯ ಗಸಿ. ಸಸ್ಯಾಹಾರಿಗಳಿಗೆ ಕೊಂಕಣದಲ್ಲಿ ಊಟವಿಲ್ಲ ಅನ್ನುವುದು ಸುಳ್ಳು. ಈ ಬಟಾಣಿ ಗಸಿ, ಉಕಡಿಚೆ ಮೋದಕ, ಬೇಸಿಗೆಯ ಮುಂಚೆ ಸಿಗುವ ಹಸಿ ಗೋಡಂಬಿಯ ಉಸಳ್ (ಮಸಾಲೆ ಪಲ್ಯ) ತಿಂದವರು ಮೀನಿನವರ ತಾಟನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಮಧ್ಯಾಹ್ನದ ಊಟ ರತ್ನಾಗಿರಿಯಲ್ಲಿ. ಮಿರಕರವಾಡಾ ಬಂದರು ಅಲ್ಲೇ ಇರುವುದರಿಂದ ಮೀನಿಗೆ ಬರವಿಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ತಾಟಿಗೆ ಬರುವುದು ಬಹುಪಾಲು ಐಸ್ ಮೀನು. ಮಳೆಗಾಲದಲ್ಲಿ ಘಾಟಿಯೂ ಕಷ್ಟ, ಏಪ್ರಿಲ್ ಮೇ ತಿಂಗಳಲ್ಲಿ ಆ ಸೆಖೆಗೆ ಬಿಸಿನೀರು ಯಾರಿಗೆ ಬೇಕು? ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಸುರಮೈ (ನಮ್ಮ ಅಂಜಲ್), ಪಾಪಲೇಟು (ಮಾಂಜಿ) ಮೀನಿಗೆ ಗಾತ್ರದ ಮೇಲೆ ದರ. ಹುರಿಯುವ ಮುಂಚೆ ತುಂಡು ತೋರಿಸಿಕೊಂಡು ಬೆಲೆ ಕೇಳಬೇಕು. ನಮ್ಮ ಲೆಕ್ಕದಲ್ಲಿ ಸ್ನಾನದ ದಿನಕ್ಕೆ ಬಂಗುಡೆ ಸಾರಿನ ತಾಟೇ ಮೇಲು. ಹುರಿದದ್ದು ಒಂದು ತುಂಡು ಸಾಕು.

ಬಂಗುಡೆಯಲ್ಲಿ ಒಂದು ಸೂಕ್ಷ್ಮವಿದೆ. ಅದು ಬಿಸಿಲಲ್ಲಿ ಕೂತರೆ ಹಿಸ್ಟಮಿನ್ ಅನ್ನುವ, ಅಲರ್ಜಿಯಂಥ ತೊಂದರೆ ಕೊಡುವ ರಾಸಾಯನಿಕ ಹುಟ್ಟುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ಎದೆ ಡವಗುಟ್ಟುತ್ತದೆ. ಬೆಳಿಗ್ಗೆ ಬಿಸಿನೀರಿನಲ್ಲಿ ಕೂತು ಬಂದವರು ಇದನ್ನು ‘ಕುಂಡದ ಕಾವು’ ಅಂದುಕೊಂಡು ಸುಮ್ಮನಿದ್ದುಬಿಡುತ್ತಾರೆ. ಕುಂಡದ ಕೆಂಪು ಗಂಟೆಯೊಳಗೆ ಇಳಿದಿರುತ್ತದೆ. ಊಟದ ಮೇಲೆ ಬಂದ ಕೆಂಪಾದರೆ ಅದು ಮೀನಿನದು, ವೈದ್ಯರಿಗೆ ತೋರಿಸಬೇಕು. ಹಾಳಾದ ಬಂಗುಡೆ ಕೆಲವೊಮ್ಮೆ ನಾಲಿಗೆಗೆ ಮೆಣಸಿನ ಹಾಗೆ ಕುಟುಕುತ್ತದೆ. ಆದರೆ ಅಲ್ಲಿಯ ಬಂಗುಡೆ ಸಾರಿಗೆ ತಿರಫಳ, ಅಂದರೆ ನಮ್ಮ ಉತ್ತರ ಕನ್ನಡದ ಜುಮ್ಮನಕಾಯಿ ಬೀಳುತ್ತದೆ, ಅದೂ ನಾಲಿಗೆ ಜುಮ್ಮೆನ್ನಿಸುತ್ತದೆ. ಗೊಂದಲ ಬೇಡವೆಂದರೆ ಮೊದಲ ತುತ್ತು ಹುರಿದ ತುಂಡಿನದಾಗಿರಲಿ, ಅದರಲ್ಲಿ ತಿರಫಳ ಇರುವುದಿಲ್ಲ. ಅದೂ ಕುಟುಕಿದರೆ ತಾಟು ಪಕ್ಕಕ್ಕೆ.

ಊಟದ ಕೊನೆಗೆ ಸೋಲಕಢಿ, ಅಂದರೆ ಕೋಕಂ (ಪುನರ್ಪುಳಿ) ಹುಳಿ ಬೆರೆಸಿದ ಕಾಯಿಹಾಲು. ಬೆವರಿನಲ್ಲಿ ಹೋದ ಉಪ್ಪು ನೀರಿಗೆ ಇದಕ್ಕಿಂತ ರುಚಿಯಾದ ಬದಲಿ ನಮಗೆ ಸಿಕ್ಕಿಲ್ಲ. ತಿಪಟೂರಿನ ಕಾಯಿ ತಿನ್ನುವ ನಾವು ಇದನ್ನು ಮನೆಯಲ್ಲೂ ಮಾಡಬಹುದು. ನಾಲ್ಕು ಜನಕ್ಕೆ ಒಂದು ದೊಡ್ಡ ಕಾಯಿ, ಹನ್ನೆರಡು ಒಣ ಕೋಕಂ ಸಿಪ್ಪೆ, ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ. ಸಿಪ್ಪೆಯನ್ನು ಒಂದು ಲೋಟ ಉಗುರುಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ. ಕಾಯಿ, ಬೆಳ್ಳುಳ್ಳಿ, ಮೆಣಸಿನಕಾಯಿ ರುಬ್ಬಿ ಹಾಲು ಹಿಂಡಿ, ಎರಡನೇ ಹಾಲೂ ಸೇರಿ ಮೂರು ಲೋಟವಾಗಲಿ. ಕೋಕಂ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಉಪ್ಪು ಹಾಕಿ. ಒಲೆಗೆ ಇಡಬೇಡಿ, ಹುಳಿಯಿರುವ ಕಾಯಿಹಾಲು ಕಾದರೆ ಒಡೆದು ನೀರು ಬೇರೆ, ಗಸಿ ಬೇರೆ ಆಗುತ್ತದೆ.

ಮೂರನೇ ದಿನ ಮುಂಜಾನೆ ತುರಳ ಮುಗಿಸಿ, ಅಂಬಾ ಘಾಟಿ ಹತ್ತಿ ಕೊಲ್ಹಾಪುರ, ಮೀರಜಿನಲ್ಲಿ ವಾಪಸು ರೈಲು. ಒದ್ದೆ ಬಟ್ಟೆಗೆ ಗಂಧಕದ ವಾಸನೆ ಇರುವುದರಿಂದ ಬೇರೆ ಪ್ಲಾಸ್ಟಿಕ್ ಚೀಲ ಬೇಕು, ಇಲ್ಲದಿದ್ದರೆ ಬೋಗಿಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ.

ಬೆಳ್ಳಿಯ ಉಡಿದಾರ, ಕಾಲುಂಗುರ, ಗೆಜ್ಜೆ ರೂಮಿನಲ್ಲೇ ಬಿಚ್ಚಿಟ್ಟು ಹೋಗಬೇಕು. ನೀರಿನ ಗಂಧಕ ತಾಗಿದರೆ ಹೊಳೆಯುವ ಬೆಳ್ಳಿ ಮೊದಲು ಹಳದಿ, ಆಮೇಲೆ ಕರಿ. ಅಪ್ಪಟ ಚಿನ್ನಕ್ಕೆ ಏನೂ ಆಗುವುದಿಲ್ಲ. ಮರೆತು ಇಳಿದಿದ್ದರೆ ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂರಬೇಡಿ. ಊರಿಗೆ ಬಂದ ಮೇಲೆ ಪಿಂಗಾಣಿ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಒಂದು ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು, ಮೇಲೆ ಕುದಿನೀರು ಹುಯ್ದು ಉಡಿದಾರ ಫಾಯಿಲ್‌ಗೆ ತಾಗುವ ಹಾಗೆ ಐದು ನಿಮಿಷ ಬಿಡಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಮ್ಮಿನ ಕಡೆ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಹರಳು ಕೂರಿಸಿದ ಉಂಗುರವನ್ನು ಮಾತ್ರ ಇದಕ್ಕೆ ಹಾಕಬೇಡಿ.