ಮನೇಲೇ ಮರದ ಮೋಟಾರ್ ಬೋಟ್ ಮಾಡೋದಾದ್ರೆ ಮೊದಲು ಹಿಂಭಾಗ ನೋಡ್ಕೊಳ್ಳಿ

ಬೋಟ್ ಮಾಡೋ ಹುಚ್ಚು ಹತ್ತಿದವರೆಲ್ಲ ಪೆನ್ಸಿಲ್ ಹಿಡಿದು ಮೊದಲು ಬಿಡಿಸೋದು ಅದರ ಮೂತಿ. ನಾನೂ ಅದನ್ನೇ ಮಾಡಿದ್ದೆ. ಚೂಪಾದ ಮುಂಭಾಗ, ಚೆಂದದ ಬಾಗು, ಅದೇ ಬಾಗು ತಳದಲ್ಲೂ ಹಿಂದಿನ ತನಕ ಬರಲಿ, ನೋಡೋಕೆ ಬಾಳೆಲೆ ಥರ ಇರುತ್ತೆ ಅಂತ. ನೀರಿಗಿಳಿಸಿ ಥ್ರಾಟಲ್ ಕೊಟ್ಟರೆ ಮೂತಿ ಆಕಾಶ ನೋಡ್ತಿದೆ, ಹಿಂಭಾಗ ಗುಂಡಿಗೆ ಬಿದ್ದ ಹಾಗೆ ಕೂತಿದೆ, ಮುಂದೇನಿದೆ ಅಂತ ಕಾಣ್ದೆ ನಾನು ಎದ್ದು ನಿಂತು ಇಣುಕ್ತಿದ್ದೀನಿ. ಮರ ಚೆನ್ನಾಗಿತ್ತು, ಅಂಟು ಚೆನ್ನಾಗಿತ್ತು, ಮೋಟಾರ್‌ದೂ ತಪ್ಪಿಲ್ಲ. ತಪ್ಪು ಆಗಿದ್ದು ಕಾಗದದ ಮೇಲೆ, ಹಿಂದಿನ ಅರ್ಧದಲ್ಲಿ.

ಅದಕ್ಕೇ ಮೊದಲು ಒಂದು ತೀರ್ಮಾನ ಮಾಡ್ಕೊಳ್ಳಿ: ನಿಧಾನವಾಗಿ ನೀರು ಸೀಳ್ಕೊಂಡು ಹೋಗೋ ಬೋಟ್ ಬೇಕಾ, ಇಲ್ಲ ನೀರಿನ ಮೇಲೆ ಜಾರೋ ಬೋಟ್ ಬೇಕಾ. ಸೀಳ್ಕೊಂಡು ಹೋಗೋದಕ್ಕೆ ವೇಗದ ಮಿತಿ ಇದೆ, ನೀರಿಗೆ ತಾಗೋ ಉದ್ದ ಅಡಿ ಲೆಕ್ಕದಲ್ಲಿ ತಗೊಂಡು ಅದರ ವರ್ಗಮೂಲವನ್ನ 1.34ರಿಂದ ಗುಣಿಸಿದ್ರೆ ಹತ್ರ ಹತ್ರ ಆ ಮಿತಿ ನಾಟ್‌ನಲ್ಲಿ ಸಿಗುತ್ತೆ. 12 ಅಡಿಗೆ 4.6 ನಾಟ್, ಅಂದ್ರೆ ಗಂಟೆಗೆ ಎಂಟೂವರೆ ಕಿಲೋಮೀಟರ್ ಅಷ್ಟೇ. ಅಂಥ ಬೋಟ್‌ಗೆ ತಳ ಹಿಂದೆ ಮೇಲಕ್ಕೆ ಬಾಗಿದ್ರೆ ಒಳ್ಳೇದೇ, ಸಣ್ಣ ಮೋಟಾರ್ ಸಾಕು. ಜಾರೋ ಬೋಟ್ ಬೇಕು ಅಂದ್ರೆ ಮಾತ್ರ ತಳದ ಹಿಂದಿನ ಅರ್ಧ ಉದ್ದಕ್ಕೂ ನೇರ ಇರ್ಬೇಕು, ಉದ್ದನೆ ಪಟ್ಟಿ ಇಟ್ಟು ನೋಡಿದ್ರೆ ಬೆಳಕು ಕಾಣಬಾರದು. ಮೇಲಕ್ಕೆ ಬಾಗಿದ್ರೆ ನನ್ನ ಕಥೆ ಆಗುತ್ತೆ, ಕೆಳಕ್ಕೆ ಕೊಕ್ಕೆ ಥರ ಬಾಗಿದ್ರೆ ಮೂತಿ ನೀರಿಗೆ ಚುಚ್ಚುತ್ತೆ.

ತಳ ಚಪ್ಪಟೆ ಇಡೋದೋ V ಇಡೋದೋ? ಚಪ್ಪಟೆ ಸುಲಭ, ಬೇಗ ಜಾರುತ್ತೆ, ಆದ್ರೆ ಸಣ್ಣ ಅಲೆ ಬಂದ್ರೂ ಹಲ್ಲು ಕಟಕಟ ಅನ್ನೋ ಹಾಗೆ ಹೊಡೆಯುತ್ತೆ. ಮೊದಲನೇ ಬೋಟ್‌ಗೆ ಹಿಂದೆ 10 ಡಿಗ್ರಿಯಷ್ಟು V (ತಳದ ಒಂದೊಂದು ಪಕ್ಕವೂ ನಡುವಿನಿಂದ ಅಷ್ಟು ಮೇಲೇಳೋದು), ಮುಂದಕ್ಕೆ ಹೋದ ಹಾಗೆ ಜಾಸ್ತಿ, ಇದು ಸಾಕು ಅಂತ ನನ್ನ ಅಭಿಪ್ರಾಯ.

ಆಮೇಲೆ ತೂಕ. ಇದನ್ನ ಅಂದಾಜಲ್ಲಿ ಬಿಡಬೇಡಿ, ಕೂತು ಬರೀರಿ. 4 ಮೀಟರ್ ಬೋಟ್ ಅಂದ್ಕೊಳ್ಳಿ, ಮರ ಅಂಟು ಎಲ್ಲ ಸೇರಿ 110 ಕೆಜಿ, ಮೋಟಾರ್ 50, ಪೆಟ್ರೋಲು ಟ್ಯಾಂಕು 20, ಇಬ್ಬರು ಜನ 150, ಸಾಮಾನು 25, ಒಟ್ಟು 355 ಕೆಜಿ. ಅಂದ್ರೆ ಬೋಟ್ 355 ಲೀಟರ್ ನೀರನ್ನ ಪಕ್ಕಕ್ಕೆ ತಳ್ಳಬೇಕು. ನೀರಿಗೆ ತಾಗೋ ತಳದ ವಿಸ್ತೀರ್ಣ 3.2 ಚದರ ಮೀಟರ್ ಇದ್ರೆ, ಚಪ್ಪಟೆ ತಳಕ್ಕೆ 11 ಸೆಂಟಿಮೀಟರ್ ಮುಳುಗುತ್ತೆ, V ಇದ್ರೆ ಇನ್ನೂ ಸ್ವಲ್ಪ ಜಾಸ್ತಿ. ಇನ್ನೊಬ್ಬ ಹತ್ತಿದ್ರೆ ಎರಡು ಸೆಂಟಿಮೀಟರ್ ಚಿಲ್ಲರೆ ಕೆಳಗೆ ಹೋಗುತ್ತೆ. ಇದಕ್ಕಿಂತ ಮುಖ್ಯ ಆ ತೂಕ ಎಲ್ಲಿ ಕೂರುತ್ತೆ ಅನ್ನೋದು. ಮೋಟಾರ್ ಹಿಂದೆ, ಅದನ್ನ ಹಿಡ್ಕೊಂಡು ಓಡಿಸೋನು ಹಿಂದೆ, ಟ್ಯಾಂಕನ್ನೂ ಪೈಪ್ ಗಿಡ್ಡ ಆಗುತ್ತೆ ಅಂತ ಹಿಂದೇನೇ ಇಟ್ರೆ ಮುಗೀತು. ಟ್ಯಾಂಕ್ ಮುಂದಕ್ಕೆ ಹೋಗ್ಲಿ. ಎಷ್ಟು ಜನ ಕೂರಬಹುದು ಅನ್ನೋದಕ್ಕೆ ಉದ್ದ ಅಗಲ ಎರಡನ್ನೂ ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸೋದು ಅಮೆರಿಕದ ಕೋಸ್ಟ್ ಗಾರ್ಡ್ ಹೇಳೋ ಸರಳ ಲೆಕ್ಕ, 13ಕ್ಕೆ 5 ಅಡಿ ಆದ್ರೆ ನಾಲ್ಕು ಜನ, ಅದೂ ನೀರು ಶಾಂತವಾಗಿದ್ದಾಗ.

ಇಷ್ಟಾದ್ಮೇಲೂ ಪ್ಲೈವುಡ್ ಕತ್ತರಿಸಬೇಡಿ. 1:10 ಅಳತೇಲಿ ರಟ್ಟಿನ ಮಾಡೆಲ್ ಮಾಡಿ. 6 ಮಿಲಿಮೀಟರ್ ಪ್ಲೈಗೆ 0.6 ಮಿಲಿಮೀಟರ್ ರಟ್ಟು ಸರಿಹೊಂದುತ್ತೆ. ರಟ್ಟೂ ಪ್ಲೈವುಡ್ ಹಾಗೇನೇ, ಒಂದು ದಿಕ್ಕಿಗೆ ಬಾಗುತ್ತೆ, ಒಟ್ಟಿಗೆ ಎರಡು ದಿಕ್ಕಿಗೆ ಬಾಗು ಅಂದ್ರೆ ಮುದುರ್ಕೊಳ್ಳುತ್ತೆ. ಮಾಡೆಲ್‌ನಲ್ಲಿ ಎಲ್ಲಿ ರಟ್ಟು ಮುದುರಿತೋ ಅಲ್ಲೇ ನಾಳೆ ಪ್ಲೈವುಡ್ ಟಪ್ ಅನ್ನುತ್ತೆ. ನಾನು ಮೂರು ಮಾಡೆಲ್ ಹರಿದು ಬಿಸಾಕಿದ್ಮೇಲೆ ನಾಲ್ಕನೇದು ಕೂತ್ಕೊಳ್ತು. ಬೇಸರ ಮಾಡ್ಕೋಬೇಡಿ, ರಟ್ಟು ಅಗ್ಗ.

ಪ್ಲೈ ವಿಷಯಕ್ಕೆ ಬಂದ್ರೆ ಮರೈನ್ ಪ್ಲೈ, ಅಂದ್ರೆ ನೀರಿಗೆ ಅಂಟು ಬಿಡದ ಪ್ಲೈವುಡ್ ಬೇಕು, ಬ್ರಿಟನ್ನಿನ ಗುಣಮಟ್ಟದ ಗುರುತು BS 1088 ಇದ್ರೆ ಒಳ್ಳೇದು, ಆದ್ರೆ ಸೀಲ್ ನಂಬಿ ಕೂರಬೇಡಿ. ಒಂದು ತುಂಡು ಕತ್ತರಿಸಿ ಕೆಲವು ಗಂಟೆ ನೀರಲ್ಲಿ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ, ಪದರ ಬಿಟ್ಕೊಂಡ್ರೆ ಅದು ಬೋಟ್‌ಗಲ್ಲ ಕಪಾಟಿಗೆ. ಕತ್ತರಿಸಿದ ಅಂಚು ನೋಡಿ, ಒಳಗಿನ ಪದರದಲ್ಲಿ ತೂತು ಇದ್ರೆ ಬೇಡ. ತಳಕ್ಕೆ 9 ಮಿಲಿಮೀಟರ್, ಪಕ್ಕಕ್ಕೆ 6. ಶೀಟ್ 8 ಅಡಿ ಮಾತ್ರ ಇರೋದ್ರಿಂದ ಜೋಡಿಸಲೇಬೇಕು, ಎರಡರ ಅಂಚನ್ನೂ ದಪ್ಪದ ಎಂಟರಷ್ಟು ಉದ್ದಕ್ಕೆ ಇಳಿಜಾರಾಗಿ ಕೆತ್ತಿ ಒಂದರ ಮೇಲೊಂದು ಅಂಟಿಸಿ, 9 ಮಿಲಿಮೀಟರ್‌ಗೆ 72 ಮಿಲಿಮೀಟರ್ ಇಳಿಜಾರು. ಪ್ಲೇನರ್ ಹೊಡೀತಾ ಇದ್ರೆ ಪ್ಲೈ ಪದರಗಳೇ ಗೆರೆ ಗೆರೆಯಾಗಿ ಕಾಣುತ್ತೆ, ಆ ಗೆರೆ ನೇರ ಇದ್ರೆ ಕೆತ್ತನೆ ಸರಿ, ಹಾವಿನ ಥರ ಹರಿದಿದ್ರೆ ಇನ್ನೂ ಕೆಲಸ ಇದೆ.

ಕಟ್ಟೋ ವಿಧಾನ ಹೊಲಿಗೆ ಅಂಟಿನದ್ದು, ಅಂದ್ರೆ ಹಲಗೆಗಳನ್ನ ತಂತಿಯಲ್ಲಿ ಹೊಲಿದು ಆಮೇಲೆ ಅಂಟಿಸೋದು, 1963ರಲ್ಲಿ ಬಂದ ಮಿರರ್ ಡಿಂಗಿ ಅನ್ನೋ ಪುಟ್ಟ ಹಾಯಿದೋಣಿ ಇದನ್ನ ಮನೆಮನೆಗೆ ಮುಟ್ಟಿಸಿತು. ಹಲಗೆಗಳ ಅಂಚಿನಿಂದ 10 ಮಿಲಿಮೀಟರ್ ಒಳಗೆ, 15 ಸೆಂಟಿಮೀಟರ್‌ಗೊಂದು ಸಣ್ಣ ತೂತು, ಮೂತಿ ಹತ್ರ ಇನ್ನೂ ಹತ್ತಿರ ಹತ್ತಿರ, ತಾಮ್ರದ ತಂತಿ ಹಾಕಿ ಹೊರಗಡೆ ಇಕ್ಕಳದಲ್ಲಿ ತಿರುಚೋದು. ಮೊದಲು ಎಲ್ಲ ಸಡಿಲವಾಗಿ ಕಟ್ಟಿ, ಆಮೇಲೆ ಒಂದು ಸುತ್ತು ಬಿಗಿ ಮಾಡಿ, ಒಂದನ್ನೇ ಪೂರ್ತಿ ಬಿಗಿ ಮಾಡಿದ್ರೆ ಮಿಕ್ಕಿದ್ದು ಕೂರಲ್ಲ. ಬಿಗಿಯಾದ್ಮೇಲೆ, ಅಂಟು ಹಾಕೋ ಮೊದಲು, ಬೋಟ್ ತಿರುಚಿಕೊಂಡಿದ್ಯಾ ಅಂತ ನೋಡಿ. ಮುಂದೆ ಒಂದು ನೇರ ಪಟ್ಟಿ, ಹಿಂದೆ ಒಂದು ಪಟ್ಟಿ ಅಡ್ಡ ಇಟ್ಟು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದ್ರೆ ಎರಡೂ ಒಂದೇ ಗೆರೆ ಆಗಿ ಕಾಣಬೇಕು. ಇಲ್ಲಾಂದ್ರೆ ಬೋಟ್ ಕೂತಿರೋ ಸ್ಟ್ಯಾಂಡಿನ ಕಾಲಿನ ಕೆಳಗೆ ಬೆಣೆ ಕೊಟ್ಟು ಸರಿ ಮಾಡಿ, ಈಗ ಐದು ನಿಮಿಷದ ಕೆಲಸ, ಎಪಾಕ್ಸಿ (ಎರಡು ದ್ರವ ಕಲಸಿ ಮಾಡೋ ಅಂಟು) ಗಟ್ಟಿಯಾದ್ಮೇಲೆ ಬ್ರಹ್ಮ ಬಂದ್ರೂ ಆಗಲ್ಲ, ಬೋಟ್ ಬದುಕಿರೋ ತನಕ ಒಂದು ಪಕ್ಕಕ್ಕೇ ಎಳೀತಾ ಇರುತ್ತೆ.

ಎಪಾಕ್ಸಿಗೆ ಡಬ್ಬಿ ಮೇಲಿರೋ ಅಳತೆ ಕರಾರುವಾಕ್ಕಾಗಿ ಪಾಲಿಸಿ, ಬೇಗ ಗಟ್ಟಿಯಾಗ್ಲಿ ಅಂತ ಅದರ ಎರಡನೇ ದ್ರವ ಹಾರ್ಡನರ್ ಜಾಸ್ತಿ ಸುರಿದ್ರೆ ಅಂಟು ಹಾಳು ಅಷ್ಟೇ. ಕಲಸಿದ್ದನ್ನ ಮಗ್‌ನಲ್ಲೇ ಬಿಟ್ಟು ಫೋನ್‌ಗೆ ಹೋದ್ರೆ ವಾಪಸ್ ಬರೋಷ್ಟರಲ್ಲಿ ಹೊಗೆ ಬರ್ತಿರುತ್ತೆ, ಅಗಲ ತಟ್ಟೆಗೆ ಸುರ್ಕೊಂಡ್ರೆ ಬಿಸಿ ಏರಲ್ಲ. ಮೂಲೆ ತುಂಬೋಕೆ ನುಣ್ಣನೆ ಮರದ ಪುಡಿ ಹಾಕಿ ಗ್ರೀಸ್ ಹದಕ್ಕೆ ಕಲಸಿ, ಕಡ್ಡಿ ಎತ್ತಿದ್ರೆ ಜಾರದೆ ನಿಲ್ಲಬೇಕು, ಅದನ್ನ ದುಂಡು ಅಂಚಿನ ಹಲಗೆಯಿಂದ ಒಂದೇ ಎಳೆತಕ್ಕೆ ಸವರಿ, ಹಸಿ ಇರೋವಾಗಲೇ 75 ಮಿಲಿಮೀಟರ್ ಫೈಬರ್‌ಗ್ಲಾಸ್ ಟೇಪ್ ಕೂರಿಸಿ. ಹೊರಗಡೆ ತಂತಿ ಕತ್ತರಿಸಿ ಅಂಚು ದುಂಡು ಮಾಡಿ ಪೂರ್ತಿ, ಚದರ ಮೀಟರ್‌ಗೆ 200 ಗ್ರಾಂ ತೂಗೋ ಫೈಬರ್‌ಗ್ಲಾಸ್ ಬಟ್ಟೆ ಅಂಟಿಸಿ. ಗ್ಲೌಸ್ ಬಿಡಬೇಡಿ, ಒಂದ್ಸಲ ಚರ್ಮಕ್ಕೆ ಅಲರ್ಜಿ ಹತ್ತಿದ್ರೆ ಮತ್ತೆ ಎಪಾಕ್ಸಿ ಮುಟ್ಟೋಕಾಗಲ್ಲ. ಗಟ್ಟಿಯಾದ ಮೇಲ್ಮೈ ಜಿಡ್ಡು ಅನ್ಸಿದ್ರೆ ಮೊದಲು ನೀರಲ್ಲಿ ತೊಳೀರಿ, ಆಮೇಲೆ ಉಜ್ಜಿ, ಕೊನೇಲಿ ಬಣ್ಣ ಹೊಡೀಲೇಬೇಕು, ಎಪಾಕ್ಸಿಗೆ ಬಿಸಿಲು ಆಗಲ್ಲ.

ಈಗ ಟ್ರಾನ್ಸಮ್, ಮೋಟಾರ್ ಕೂರೋ ಹಿಂದಿನ ಹಲಗೆ. ಪ್ಲೈ ಪದರ ಅಂಟಿಸಿ ಒಟ್ಟು 40 ಮಿಲಿಮೀಟರ್ ದಪ್ಪ ಮಾಡಿ, ಹಿಂದಕ್ಕೆ 12 ಡಿಗ್ರಿ ವಾಲಿರಲಿ. ಎತ್ತರ ಮೋಟಾರ್ ನೋಡಿ: ಗಿಡ್ಡ ಶಾಫ್ಟ್‌ಗೆ (ಪ್ರೊಪೆಲರ್ ತನಕ ಇಳಿಯೋ ಮೋಟಾರಿನ ಕಾಲು) 15 ಇಂಚು, ಉದ್ದದ್ದಕ್ಕೆ 20. ಪ್ರೊಪೆಲರ್ ಮೇಲಿರೋ ಅಡ್ಡ ತಟ್ಟೆ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಬೋಲ್ಟ್ ತೂತನ್ನ ನೇರವಾಗಿ ಕೊರೆದು ಬೋಲ್ಟ್ ಹಾಕಿಬಿಡಬೇಡಿ, ಅಲ್ಲಿಂದಲೇ ನೀರು ಇಳಿದು ಒಳಗೆ ಕೊಳೆಯೋದು. ದೊಡ್ಡ ತೂತು ಕೊರೆದು, ಒಂದು ಕಡೆ ಟೇಪ್ ಅಂಟಿಸಿ, ಪೂರ್ತಿ ದಪ್ಪಗೆ ಕಲಸಿದ ಎಪಾಕ್ಸಿ ತುಂಬಿ, ಒಣಗಿದ್ಮೇಲೆ ಅದರ ನಡುವೆ ಬೋಲ್ಟ್ ಅಳತೆ ತೂತು ಕೊರೀರಿ. ಬೋಲ್ಟ್ ಎಪಾಕ್ಸಿಗೆ ತಾಗುತ್ತೆ, ಮರಕ್ಕೆ ತಾಗಲ್ಲ. ಟ್ರಾನ್ಸಮ್‌ನಿಂದ ತಳಕ್ಕೆ ಎರಡು ಕಡೆ ಮೊಣಕೈ ಥರ ಆಧಾರ ಕೊಡಿ, ಮೋಟಾರ್ ತಳ್ಳೋದು ಇಡೀ ಬೋಟನ್ನ, ಬರೀ ಹಲಗೆಯನ್ನಲ್ಲ.

ಸೀಟಿನ ಕೆಳಗೆ ನೀರು ಕುಡಿಯದ ಫೋಮ್ ತುಂಬಿ, ಮರ ತೇಲುತ್ತೆ, ಮೋಟಾರ್ ತೇಲಲ್ಲ.

ಟ್ಯಾಂಕ್ ಮಾತ್ರ ಈಗಲೇ ಸ್ಕ್ರೂ ಹಾಕಿ ಕೂರಿಸಬೇಡಿ. ಮೊದಲ ದಿನ ಲೈಫ್ ಜಾಕೆಟ್ ಹಾಕಿ, ಕಿಲ್ ಸ್ವಿಚ್ ದಾರ (ಎಳೆದ್ರೆ ಮೋಟಾರ್ ನಿಲ್ಲೋದು) ಕೈಗೆ ಕಟ್ಟಿ, ಟ್ಯಾಂಕನ್ನ ಹಗ್ಗದಲ್ಲಿ ಬಿಗಿದು ಓಡ್ಸಿ. ಮೂತಿ ಇಳೀತಾನೇ ಇಲ್ಲ ಅಂದ್ರೆ ಟ್ಯಾಂಕ್ ಒಂದಡಿ ಮುಂದಕ್ಕೆ, ಮೂತಿ ಕುದುರೆ ಥರ ಕುಣೀತಿದ್ರೆ ಮೋಟಾರಿನ ವಾಲು ಹೊಂದಿಸೋ ಪಿನ್ ಒಂದು ತೂತು ಒಳಕ್ಕೆ, ಮತ್ತೆ ಓಡ್ಸಿ. ನನ್ನ ಹಳೇ ಬೋಟ್‌ಗೆ ಇದ್ಯಾವುದೂ ಸಾಲದೆ ತಳದ ತುದಿಗೆ 40 ಸೆಂಟಿಮೀಟರ್ ಉದ್ದದ ಬೆಣೆ ಅಂಟಿಸಿ ಆ ಬಾಗನ್ನ ನೇರ ಮಾಡ್ಬೇಕಾಯ್ತು, ಆಮೇಲೆ ಕೂತ್ಕೊಂಡೇ ಮುಂದೆ ನೋಡೋ ಹಾಗಾಯ್ತು. ಸರಿಯಾದ ಜಾಗ ಸಿಕ್ಕಿದ ತಕ್ಷಣ ಟ್ಯಾಂಕ್ ಸುತ್ತ ನೆಲದ ಮೇಲೆ ಪೆನ್ಸಿಲ್ ಗೆರೆ ಎಳ್ಕೊಳ್ಳಿ, ದಡಕ್ಕೆ ಬಂದ್ಮೇಲೆ ಟ್ಯಾಂಕ್ ಜರುಗದ ಹಾಗೆ ಆ ಗೆರೆಗೆ ಸರಿಯಾಗಿ ಮರದ ಪಟ್ಟಿ ಹೊಡೀರಿ.