ಹೀಬ್ರೂ ಬೈಬಲನ್ನು ಸಾಹಿತ್ಯವಾಗಿ, ಚರಿತ್ರೆಯಾಗಿ ಓದುವ ಬಗೆ

ಯೆಹೂದ್ಯರು ತನಖ್ ಎಂದು ಕರೆಯುವ ಹೀಬ್ರೂ ಬೈಬಲ್ ಒಂದು ಪುಸ್ತಕವಲ್ಲ. ತೋರಾ, ಪ್ರವಾದಿಗಳು, ಬರಹಗಳು ಎಂಬ ಮೂರು ಭಾಗಗಳಲ್ಲಿ ಜೋಡಿಸಿದ 24 ಪುಸ್ತಕಗಳ ಸಂಗ್ರಹ. ಹಲವು ಶತಮಾನಗಳ ಅವಧಿಯಲ್ಲಿ ರೂಪುಗೊಂಡ ಈ ಸಂಗ್ರಹದಲ್ಲಿ ಕಥೆ, ಕಾನೂನು, ವಂಶಾವಳಿ, ಶೋಕಗೀತೆ, ಪ್ರೇಮಗೀತೆ ಎಲ್ಲವೂ ಇವೆ. ಆದ್ದರಿಂದ ಮೊದಲ ಪುಟದಿಂದ ಕೊನೆಯವರೆಗೆ ಓದಿ ಮುಗಿಸುವ ಹಟ ಬೇಡ. ನಾಲ್ಕೇ ಅಧ್ಯಾಯಗಳ ರೂತಳ ಕಥೆಯನ್ನು, ಯಾವ ವ್ಯಾಖ್ಯಾನವನ್ನೂ ತೆರೆಯದೆ, ಒಂದೇ ಬಾರಿಗೆ ಓದಿ.

ಅನಂತರ ಸಂಗ್ರಹದ ಮೊದಲ ಪುಸ್ತಕವಾದ ಆದಿಕಾಂಡದ 22ನೆಯ ಅಧ್ಯಾಯಕ್ಕೆ ಬನ್ನಿ. ಅಬ್ರಹಾಮನು ಮಗ ಇಸಾಕನನ್ನು ಬಲಿ ಕೊಡಲು ಹೊರಡುವ ಈ ಪ್ರಸಂಗ ಕೇವಲ 19 ವಚನಗಳದ್ದು (ಬೈಬಲಿನ ಅಧ್ಯಾಯದೊಳಗೆ ಸಂಖ್ಯೆ ಹಾಕಿದ ಸಣ್ಣ ಭಾಗವೇ ವಚನ). ದಾರಿಯಲ್ಲಿ ತಂದೆ ಏನು ಯೋಚಿಸಿದನೆಂದು ಕಥೆಗಾರ ಹೇಳುವುದಿಲ್ಲ. 'ಇಬ್ಬರೂ ಜೊತೆಯಾಗಿ ನಡೆದರು' ಎಂಬ ಅರ್ಥದ ಮಾತು ಎರಡು ಬಾರಿ ಬರುತ್ತದೆ. ಅವುಗಳ ನಡುವೆ, ಬಲಿಗೆ ಕುರಿಯೆಲ್ಲಿ ಎಂಬ ಮಗನ ಪ್ರಶ್ನೆಯೂ ತಂದೆಯ ಉತ್ತರವೂ ಇವೆ. ಮೊದಲ ಸಲ ಆ ಮಾತನ್ನು ಓದುವಾಗ ಮಗನಿಗೆ ಏನೂ ತಿಳಿದಿಲ್ಲ; ಎರಡನೆಯ ಸಲ ಓದುವಾಗ ಅವನಿಗೆ ಎಷ್ಟು ತಿಳಿದಿದೆ ಎಂಬುದು ನಮಗೆ ತಿಳಿಯುವುದಿಲ್ಲ. ಮರಳಿ ಬರುವ ಪದಗಳಿಗೆ ಗೆರೆ ಎಳೆಯುವುದನ್ನು, ಹೇಳದೆ ಬಿಟ್ಟದ್ದನ್ನು ಅಂಚಿನಲ್ಲಿ ಬರೆದಿಡುವುದನ್ನು ರೂಢಿಸಿಕೊಳ್ಳಿ. ಈ ಗದ್ಯದ ಶಕ್ತಿಯ ಬಹುಪಾಲು ಅದರ ಮೌನದಲ್ಲಿದೆ ಎಂದು ನಾನು ನಂಬಿದ್ದೇನೆ.

ಕಾವ್ಯವನ್ನು ಗುರುತಿಸಲು ಸಾಲುಗಳ ಜೋಡಿಯನ್ನು ನೋಡಿ: ಮೊದಲ ಸಾಲಿನ ಮಾತನ್ನು ಎರಡನೆಯದು ಬೇರೆ ಪದಗಳಲ್ಲಿ ಹೇಳುತ್ತದೆ, ಬೆಳೆಸುತ್ತದೆ ಅಥವಾ ಎದುರಿಸುತ್ತದೆ. ನ್ಯಾಯಸ್ಥಾಪಕರು ಪುಸ್ತಕದ 4ನೆಯ ಅಧ್ಯಾಯ ಸೇನಾಪತಿ ಸಿಸೆರನ ಸಾವನ್ನು ಗದ್ಯದಲ್ಲಿ ಹೇಳಿದರೆ, 5ನೆಯದು ಅದನ್ನೇ ಹಾಡಾಗಿಸುತ್ತದೆ. ಗದ್ಯದಲ್ಲಿ ಎಲ್ಲಿಯೂ ಕಾಣದ ಸಿಸೆರನ ತಾಯಿ, ಹಾಡಿನ ಕೊನೆಯಲ್ಲಿ ಕಿಟಕಿಯ ಬಳಿ ನಿಂತು ಮಗನ ರಥಕ್ಕಾಗಿ ಕಾಯುತ್ತಾಳೆ.

ಚರಿತ್ರೆಯ ಪ್ರಶ್ನೆಗಳನ್ನು ಇದಾದ ಮೇಲೆಯೇ ಎತ್ತುವುದು ಒಳ್ಳೆಯದು. ಮೊದಲ ಪ್ರಶ್ನೆ, ಈ ಪಠ್ಯ ಹೇಗೆ ರೂಪುಗೊಂಡಿತು ಎಂಬುದು. ನೋಹನ ಜಲಪ್ರಳಯದ ಕಥೆಯಲ್ಲಿ ಒಂದೆಡೆ ಪ್ರತಿ ಜಾತಿಯ ಪ್ರಾಣಿಗಳು ಎರಡೆರಡು, ಇನ್ನೊಂದೆಡೆ ಶುದ್ಧ ಪ್ರಾಣಿಗಳು ಏಳೇಳು. ಒಂದೆಡೆ 40 ದಿನ, ಇನ್ನೊಂದೆಡೆ 150 ದಿನ. ಇಂತಹ ವ್ಯತ್ಯಾಸಗಳಿಗೂ, 'ದೇವರು', 'ಯೆಹೋವ' ಎಂಬ ಹೆಸರುಗಳು ಬದಲಾಗುವ ಕಡೆಗಳಿಗೂ ಬೇರೆ ಬೇರೆ ಬಣ್ಣದ ಗುರುತು ಹಾಕಿದರೆ, ಎರಡು ಕಥನಗಳನ್ನು ಹೆಣೆದಿದ್ದಾರೆ ಎಂದು ಅನೇಕ ವಿದ್ವಾಂಸರು ವಾದಿಸುವುದೇಕೆಂದು ನಿಮಗೇ ಕಾಣುತ್ತದೆ.

ಎರಡನೆಯ ಪ್ರಶ್ನೆ, ಪಠ್ಯದ ಹೊರಗಿನ ಸಾಕ್ಷ್ಯ ಏನೆನ್ನುತ್ತದೆ ಎಂಬುದು. ಅಭ್ಯಾಸಕ್ಕೆ ಕ್ರಿ.ಪೂ. 701ರ ಯುದ್ಧಕ್ಕಿಂತ ಉತ್ತಮ ವಿಷಯ ನನಗೆ ಕಂಡಿಲ್ಲ. ಅಶ್ಶೂರದ (ಅಸ್ಸೀರಿಯಾದ) ಅರಸ ಸನ್ಹೇರೀಬನು ಜೆರುಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದ ಮೇಲೆ ದಂಡೆತ್ತಿ ಬಂದ ವೃತ್ತಾಂತ ಎರಡನೆಯ ಅರಸುಗಳು ಪುಸ್ತಕದ 18 ಮತ್ತು 19ನೆಯ ಅಧ್ಯಾಯಗಳಲ್ಲಿದೆ. ಸನ್ಹೇರೀಬನ ಸ್ವಂತ ವರದಿ ಜೇಡಿಮಣ್ಣಿನ ಶಾಸನಗಳಲ್ಲಿ ಉಳಿದಿದೆ. ಒಂದು ಹಾಳೆಯನ್ನು ಎರಡು ಕಾಲಮ್ಮುಗಳಾಗಿ ಮಡಿಸಿ ಎರಡನ್ನೂ ಎದುರುಬದುರು ಬರೆಯಿರಿ. ಯೆಹೂದದ ಅರಸ ಹಿಜ್ಕೀಯನು ಕೊಟ್ಟ ಕಪ್ಪದಲ್ಲಿ ಚಿನ್ನ ಎರಡರಲ್ಲಿಯೂ 30 ತಲಾಂತು (ಆ ಕಾಲದ ತೂಕದ ಅಳತೆ). ಬೆಳ್ಳಿ ಮಾತ್ರ ಬೈಬಲಿನಲ್ಲಿ 300, ಶಾಸನದಲ್ಲಿ 800. ಬೈಬಲ್ ಪ್ರಕಾರ ದೇವದೂತನು ಒಂದೇ ರಾತ್ರಿಯಲ್ಲಿ 1,85,000 ಅಶ್ಶೂರರನ್ನು ಕೊಂದನು. ಶಾಸನವು ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಜೆರುಸಲೇಮಿನಲ್ಲಿ ಕೂಡಿಹಾಕಿದೆನೆಂದು ಹೇಳಿಕೊಳ್ಳುತ್ತದೆಯೇ ಹೊರತು ನಗರವನ್ನು ಗೆದ್ದೆನೆಂದು ಹೇಳುವುದಿಲ್ಲ. ಇಬ್ಬರು ಎದುರಾಳಿಗಳೂ ಒಪ್ಪುವ ಅಂಶವನ್ನು ಮೊದಲು ಗುರುತಿಸಿ. ಇಬ್ಬರೂ ಹಿಗ್ಗಿಸಿ ಹೇಳುವುದನ್ನು ಪ್ರತ್ಯೇಕವಾಗಿ ಬರೆದಿಡಿ.

ಕೊನೆಗೆ ಇದೇ ವೃತ್ತಾಂತವಿರುವ, ಪ್ರವಾದಿ ಯೆಶಾಯನ ಪುಸ್ತಕದ 36ನೆಯ ಅಧ್ಯಾಯವನ್ನು ಮೂರನೆಯ ಕಾಲಮ್ಮಿಗೆ ಸೇರಿಸಿ. ಮಾತುಗಳು ಬಹುತೇಕ ಒಂದೇ ಆಗಿದ್ದರೂ ಕಪ್ಪ ಕೊಟ್ಟ ವಚನಗಳು ಅಲ್ಲಿಲ್ಲ. ಆ ಜಾಗವನ್ನು ಹಾಳೆಯಲ್ಲಿ ಖಾಲಿಯಾಗಿಯೇ ಬಿಡಿ.